ಡಂಬಳದ ಕೆರಿಗೆ ಹೋಗೋ ಪಟ್ಟಿ

ತಪ್ಪು ಅಚ್ಚಾದ ಲಗ್ನಪತ್ರದ ಬೆನ್ನಿಗೆ
ಪಟ್ಟಿ ಬರಿಯಾಕತ್ತಾಳ ನೀಲಗಂಗಾ.
ಗದಗಿನ ಪ್ರೆಸ್ಸು, ಕರೆಂಟು ಹೋದ ಮಧ್ಯಾಹ್ನ,
ಬೆರಳ ತುಂಬ ಬೈಂಡಿಂಗಿನ ಅಂಟು.

ಡಂಬಳದ ಕೆರಿ ದಂಡಿ. ಒಂದ ರಾತ್ರಿ. ಮೂರ ಮಂದಿ.
ತಾಡಪಾಲು: ಕಾಗದದ ಲಾರಿಯವನ್ನ ಕೇಳೂದು.
ಖಡಕ್ ರೊಟ್ಟಿ, ಗುರೆಳ್ಳು ಹಿಂಡಿ, ಚುರುಮುರಿ.
'ಬ್ಯಾಟರಿ ಸೆಲ್ಲು ಬರಕೋ ಮೊದ್ಲ,' ಅಂದ್ಲು ಹಸೀನಾ.

ದಂಡ್ಯಾಗ ಉಸುಕು ಐತೋ, ಬರೇ ರಾಡಿನೋ
ಯಾರೂ ನೋಡಿಲ್ಲ.
ಉಸುಕಿದ್ರ ಬೀಚು,
ರಾಡಿ ಇದ್ರ ಕೆರಿ. ನಡೀತೈತಿ.

ಮನ್ಯಾಗ ಏನ ಹೇಳೂದು ಅನ್ನೋ ಸಾಲು
ಎರಡ ಸಲ ಬರದು, ಎರಡ ಸಲ ಹೊಡದಿದ್ದಾತು.

'ಬಯಲಾಗ ಮಲಗಾಕ ಅಂಜಿಕಿ ಇಲ್ಲೇನ ಯಕ್ಕಾ?'
ಫಕೀರವ್ವ ಕತ್ತರಿ ಕೆಳಗಿಟ್ಲು.
'ಬಸ್‌ಸ್ಟ್ಯಾಂಡಿನ್ಯಾಗ ಮಲಗೇನಿ, ಮೂರ ರಾತ್ರಿ,
ಕೂಸಿನ್ನ ಕಟಿಗೊಂಡು, ಅಂವ ಬಾಗಲಾ ಹಾಕಿದಾಗ.
ಈ ಸಲ ನಾನ ಆಗಿ ಹೊರಗ ಮಲಗಾಕಿ.'

ಯಾರೂ ಏನೂ ಅನಲಿಲ್ಲ.
ನೀಲಗಂಗಾ ಬರದ್ಲು: ಕೌದಿ, ದೊಡ್ಡದು, ಒಂದು.

ತಾರೀಖು?
ಪತ್ರ ಹೊಳ್ಳಿಸಿದ್ಲು ಹಸೀನಾ. ಬಂಗಾರದ ಅಕ್ಷರದಾಗ
ಶುಭಮುಹೂರ್ತ: ಫೆಬ್ರುವರಿ ಮೂವತ್ತು.
'ಅವತ್ತ ಹೋಗೂಣಲ್ಲ!'

ಕರೆಂಟು ಬಂದು
ಮಷಿನ್ನು ತಾನ ಶುರುವಾದ್ರೂ
ಫಕೀರವ್ವಗ ನಗಿ ನಿಂದರವಲ್ದು.