ನಾಲ್ಕನೆಯ ಟ್ಯಾಂಕು

ಕಡತದಲ್ಲಿ ಮೂರೇ ಟ್ಯಾಂಕು.
ಮೂರನ್ನೂ ಎಂಬತ್ತೊಂದರಲ್ಲಿ ಅಗೆದು ಗುಜರಿಗೆ ಹಾಕಿದ್ದಕ್ಕೆ ರಸೀದಿ ಇದೆ,
ಸಹಿ ಇದೆ, ಸಹಿಯ ಮೇಲೊಂದು ಕಾಫಿ ಲೋಟದ ಉಂಗುರ.
ಅಡೆಲ್ ಕ್ರಾಟೊಕ್ವಿಲ್ ರಾತ್ರಿಯಂಗಿಯ ಮೇಲೆ ಗಂಡನ ಕೋಟು ತೊಟ್ಟು ಬಂದು
ನಾಲ್ಕು, ಅಂದಳು.

ಪಂಪುಗಳಿದ್ದ ಕಟ್ಟೆಯಿಂದ ಹೆಜ್ಜೆ ಎಣಿಸಿದಳು. ಹನ್ನೊಂದಕ್ಕೆ ತಪ್ಪಿ
ಮತ್ತೆ ಮೊದಲಿಂದ.
"ಎಮಿಲ್ ರಾತ್ರಿ ಹೂತದ್ದು. ಅಗ್ಗಕ್ಕೆ ಸಿಕ್ಕಿತ್ತು.
ಯಾರಿಗೂ ಹೇಳಬೇಡ ಅಂದಿದ್ದ, ಹೇಳಲಿಲ್ಲ.
ಈಗ ಅವನೂ ಮಣ್ಣಲ್ಲಿದ್ದಾನೆ. ಇನ್ನು ಯಾರ ಮಾತು ಕಾಯಲಿ?"

ನೆಬ್ರಾಸ್ಕಾದ ಏಪ್ರಿಲ್. ಗಾಳಿಗೆ ಇನ್ನೂ ಹಲ್ಲಿತ್ತು.
ವೆಂಡೆಲ್ ಬೈರಿಗೆ ಇಳಿಸಿದ.
ಜಲ್ಲಿ, ಹಳದಿ ಮಣ್ಣು, ಮತ್ತೂ ಹಳದಿ ಮಣ್ಣು.
ಎಂಟನೆಯ ಅಡಿಗೆ ಬಣ್ಣ ಕೆಟ್ಟಿತು:
ಸತ್ತ ಮೀನಿನ ಹೊಟ್ಟೆಯ ಬೂದು.
ಮೂಸಿ ನೋಡಬಾರದು, ಅದಕ್ಕೆಂದೇ ಯಂತ್ರವಿದೆ, ನಿಯಮವಿದೆ.
ಮೂಗಿಗೆ ಯಾವ ನಿಯಮ?
ಅಡೆಲ್‌ಗೂ ಬಂತು ವಾಸನೆ. ಕೋಟಿನ ಕಾಲರು ಹಿಡಿದುಕೊಂಡಳು.
ಗ್ರೀಸು ಬಿಡಿಸಲು ಅವನು ದಿನಾ ಸಂಜೆ ಅದರಲ್ಲೇ ಕೈ ಅದ್ದುತ್ತಿದ್ದನಂತೆ,
ಆಮೇಲೆ ಅದೇ ಕೈಯಲ್ಲಿ ಬ್ರೆಡ್ಡು.

ಸೀಸ ಸೋಮಾರಿ. ಬಿದ್ದಲ್ಲೇ ಬಿದ್ದಿರುತ್ತದೆ,
ಮಣ್ಣಿನ ಕೊರಳಿಗೆ ಜೋತು ಅರ್ಧ ಶತಮಾನ ಕಳೆಯುತ್ತದೆ.
ಜೊತೆಗೆ ಬೆರೆಸುತ್ತಿದ್ದುದು ಇನ್ನೊಂದಿದೆ,
ಎಂಜಿನ್ನಿನಲ್ಲಿ ಸೀಸ ಕೂರದಂತೆ ಗುಡಿಸಿಹಾಕುವ ಆಳು;
ಹೆಸರು ಎಥಿಲೀನ್ ಡೈಬ್ರೋಮೈಡ್.
ಅದಕ್ಕೆ ನೀರೆಂದರೆ ದಾರಿ.
ನಾನು ಹುಡುಕುವುದು ಅದನ್ನೇ:
ಧಣಿ ಇಲ್ಲಿದ್ದನೆಂಬುದಕ್ಕೆ
ಓಡಿಹೋದ ಆಳಿನ ಸಾಕ್ಷಿ.

ಇಪ್ಪತ್ತೆರಡು ಅಡಿಗೆ ನೀರು.
ಪುಟ್ಟ ಸೀಸೆ. ಬಾಯಿ ಮೀರಿ ಉಬ್ಬುವ ತನಕ ತುಂಬಿ,
ಮುಚ್ಚಳ ಬಿಗಿದು, ತಲೆಕೆಳಗು ಮಾಡಿ, ಬೆರಳಿಂದ ತಟ್ಟಿ
ಗುಳ್ಳೆ ಇದೆಯೇ ನೋಡಬೇಕು.
ಸಾಸಿವೆಯಷ್ಟಿದ್ದರೂ ನನಗೆ ಬೇಡ;
ಆ ಸಾಸಿವೆಯೊಳಕ್ಕೆ ನುಸುಳಿ ತಪ್ಪಿಸಿಕೊಳ್ಳುತ್ತದೆ ಅದು.
ಚೆಲ್ಲಿದೆ. ಮತ್ತೆ ತುಂಬಿದೆ. ಕೈ ನಡುಗುತ್ತಿತ್ತು, ಚಳಿಗೆ.
"ಸೂಲಗಿತ್ತಿ ಹೀಗೇ ತಟ್ಟುತ್ತಾಳೆ," ಅಂದಳು ಅಡೆಲ್.

ಅವಳ ಅಡುಗೆಮನೆಯ ನಲ್ಲಿಯಿಂದಲೂ ಎರಡು ಸೀಸೆ.
ಇಳಿಜಾರಿನ ಕೆಳಗೆ ಸೆಪುಲ್ವೆದಾ ಮನೆಯಿಂದ ಎರಡು.
ಗಂಡ ಹೆಂಡತಿ ಮಾಂಸದ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಮಲಗಿದ್ದರು,
ಹಿರಿಮಗಳು ಬಾಗಿಲು ತೆರೆದಳು, ಸೊಂಟದಲ್ಲಿ ತಮ್ಮ,
ಅವನ ಕೈಯಲ್ಲಿ ಹಾಲಿನ ಪುಡಿ ಕದಡಿದ ಬಾಟಲಿ.
ನಾನು ಹೆಸರು, ಹೊತ್ತು, ತಾರೀಕು ಬರೆದು
ಐಸಿನ ಪೆಟ್ಟಿಗೆಗೆ ಬೀಗ ಹಾಕಿದೆ.
ಅಡೆಲ್ ಕೊಟ್ಟ ಕಾಫಿ ಕುಡಿಯುವಾಗ
ನೀರು ಯಾವುದೆಂದು ಕೇಳಲಿಲ್ಲ. ಕುಡಿದೆ.

ಒಂಬತ್ತು ದಿನಕ್ಕೆ ಕಾಗದ ಬಂತು.
ಕ್ರಾಟೊಕ್ವಿಲ್: ಪತ್ತೆಯಿಲ್ಲ, ಪತ್ತೆಯಿಲ್ಲ, ಪತ್ತೆಯಿಲ್ಲ.
ಸೆಪುಲ್ವೆದಾ: ಸೀಸ ಪತ್ತೆಯಿಲ್ಲ.
ಇನ್ನೊಂದು, ಮಿತಿಯ ಎಂಟು ಪಟ್ಟು.

"ಕಡಿಮೆ ಅಲ್ಲವೇ?" ಸೊನ್ನೆ ಬಿಂದು ನಾಲ್ಕನ್ನು ಬೆರಳಿಟ್ಟು ಓದಿದಳು ಅಡೆಲ್.
ಕಡಿಮೆ ಅಲ್ಲ, ಅಂದೆ.
"ನಮ್ಮದರಲ್ಲಿ ಏನೂ ಇಲ್ಲ?"
ಏನೂ ಇಲ್ಲ.
ಬಹಳ ಹೊತ್ತು ನಲ್ಲಿಯನ್ನೇ ನೋಡಿದಳು,
ಅದು ತನ್ನ ಮಾತು ಮೀರಿತೆಂಬಂತೆ.

ಕಚೇರಿಗೆ ಫೋನು ಮುಗಿಸಿ ನಾನು ಹೊರಬಂದಾಗ
ಎರಡು ಬಕೆಟ್ ತುಂಬಿಕೊಂಡು ಇಳಿಜಾರು ಇಳಿಯುತ್ತಿದ್ದಳು,
ಚಪ್ಪಲಿ ಜಾರುತ್ತ, ಎಮಿಲ್‌ನ ಕೋಟಿನ ಅಂಚು ತೊಯ್ದು.
ಅರ್ಧ ಚೆಲ್ಲಿಹೋಗಿತ್ತು.
ಉಳಿದದ್ದನ್ನು ಅವರ ಮೆಟ್ಟಿಲಿಗಿಟ್ಟು
ಬಾಗಿಲು ತಟ್ಟದೆ ನಿಂತಿದ್ದಳು.