ಬಳ್ಳಾರಿ ಜಾಲಿ

ಕಂಟೋನ್ಮೆಂಟಿನ ಹಳೇ ಗೋರಿಗಳ ನಡುವೆ
ಆಕೆ ಟೇಪು ಹಿಡಿದು ಹುಲ್ಲಿನ ಎತ್ತರ ಅಳೆಯುತ್ತಿದ್ದಳು.
ನಾನು ದುಭಾಷಿ. ದಿನಕ್ಕೆ ಎರಡು ಸಾವಿರ, ಊಟ ಬೇರೆ.
ಬೆಳಿಗ್ಗೆ ಒಂಬತ್ತಕ್ಕೇ ಗುಡ್ಡ ಕಾದ ಹೆಂಚಾಗಿ
ಊರಿನ ಬೆನ್ನಿಗೆ ಆನಿಕೊಂಡಿತ್ತು.

ಮೊದಲ ಸಾಲು ಅವರದು. ಬಿಳಿ ಕಲ್ಲು, ಸೀಸದ ಅಕ್ಷರ:
ಕಾಲರಾ ಬಂದು ತೀರಿಕೊಂಡ ಹತ್ತೊಂಬತ್ತರ ಹುಡುಗ,
ಹೆರಿಗೆಯಲ್ಲಿ ಹೋದ ಕ್ಯಾಪ್ಟನ್ನನ ಹೆಂಡತಿ,
ಪಕ್ಕದಲ್ಲೇ ಮೂರು ದಿನ ಬದುಕಿದ್ದ ಅವಳ ಮಗು.
ಓದುತ್ತ ನನ್ನ ಗಂಟಲೂ ಕಟ್ಟಿತು, ಸುಳ್ಳೇಕೆ.

ಗಾದಿಲಿಂಗಮ್ಮ ಕುಡುಗೋಲಿನ ತುದಿಯಿಂದ
ಗೋಡೆಯಾಚೆ ತೋರಿಸಿದಳು:
"ಅಲ್ಲಿ ಅದಾರ ನೋಡ್ರಿ, ತುರ್ಕಿ ಸಿಪಾಯಿಗಳು.
ನಮ್ಮ ತಾತ ಕುಣಿ ತೋಡಿದ್ದ, ಒಂದ್ ಕುಣಿಗೆ ಎರಡಾಣೆ.
ಹೆಸರಿಲ್ಲ ಅವಕ್ಕ. ಹೆಸರು ಕೇಳಾಕ
ಆ ಭಾಷೆ ಯಾರಿಗೆ ಬರ್ತಿತ್ತು?"

ಆಗ ದುಭಾಷಿ ಸಿಕ್ಕಿರಲಿಲ್ಲವೇನೋ.
ಈಗ ನಾನಿದ್ದೆ, ಹೇಳಿದೆ.
ಆಕೆ ಕನ್ನಡಕ ತೆಗೆದು ಒರೆಸಿಕೊಂಡು
ನಿಜವಾದ ಸಂಕಟದಿಂದಲೇ ಅಂದಳು:
"ಅದು ನಮ್ಮ ಪಟ್ಟಿಯಲ್ಲಿಲ್ಲ."

ಬಾಸ್ರಾದ ಮರಳಲ್ಲಿ ಸಿಕ್ಕ ಹುಡುಗರು.
ಹಡಗು ಹತ್ತಿಸಿ, ರೈಲು ಹತ್ತಿಸಿ ತಂದರು
ಈ ಬಂಡೆಗಳ ಕುಲುಮೆಗೆ.
ಅವರು ಕಾದಿ ಸೋತ ಊರಿನ ಗೋಡೆಗೆ ಆಗಲೇ
ಕಾಗದ ಅಂಟಿಸಿದ್ದರಂತೆ:
ಗೆಲ್ಲಲು ಬಂದವರಲ್ಲ ನಾವು, ಬಿಡಿಸಲು ಬಂದವರು.
ಕಾಗದ ಬರೆದವನಿಗೆ ಪದಕ.
ಇಲ್ಲಿ ಬೇಲಿಗೆ ಕಾವಲು ನಿಂತವನೋ,
ನಮ್ಮ ಕೌಲ್ ಬಜಾರಿನವನೇ ಯಾರೋ,
ತಿಂಗಳ ಸಂಬಳಕ್ಕೆ.

ಮಧ್ಯಾಹ್ನ ಒಗ್ಗರಣೆ ಮಂಡಕ್ಕಿ, ಮಿರ್ಚಿ.
ಆಕೆಗೆ ಕಣ್ಣಲ್ಲಿ ಮೂಗಲ್ಲಿ ನೀರು, ಆದರೂ ನಕ್ಕಳು.
ಅಂಗಡಿಯ ಟಿವಿಯಲ್ಲಿ ಒಂದು ನಗರ ಕುಸಿಯಿತು,
ಜಾಹೀರಾತು ಮುಗಿದು ಇನ್ನೊಂದು.
ಎರಡಕ್ಕೂ ಒಂದೇ ಧೂಳು,
ಎರಡರಲ್ಲೂ ಚಾದರ ಸುತ್ತಿದ ಅಷ್ಟೇ ಉದ್ದದ ಗಂಟುಗಳು.
ಒಂದರ ಕೆಳಗೆ ಬರೆದಿತ್ತು: ಅನಾಗರಿಕ ಕೃತ್ಯ.
ಇನ್ನೊಂದರ ಕೆಳಗೆ: ವಿಷಾದಕರ ಲೋಪ.
ಒಂದೇ ಕ್ರಿಯಾಪದಕ್ಕೆ ಎರಡು ಅನುವಾದ.
ನಮ್ಮ ಕಸುಬಿನಲ್ಲಿ ಹೀಗೆ ಮಾಡಿದರೆ
ಕೂಲಿ ಕೊಡುವುದಿಲ್ಲ.

ಆಕೆ ಕೇಳಿದಳು: ಈ ಹೆಂಗಸಿಗೆ ಕೈಗವಸು ಏಕಿಲ್ಲ?
ನಿಮ್ಮಲ್ಲಿ ಇದಕ್ಕೆಲ್ಲ ಕಾನೂನಿಲ್ಲವೇ?
ಗಾದಿಲಿಂಗಮ್ಮ ಬಾಯೊಳಗಿನ ಮಿರ್ಚಿ ನುಂಗಿ,
"ಪಗಾರ ಕೊಡೋದು ಆಕಿ ಆಫೀಸೇ ಅಲ್ಲೇನ್ರಿ?
ಮೂರು ತಿಂಗಳಾತು ಬರಲಾರದ್ದು. ಹೇಳ್ರಿ ಆಕಿಗೆ."
ಹೇಳಿದೆ.
ಪೆನ್ನಿನ ಮುಚ್ಚಳ ಅಷ್ಟರಲ್ಲಿ ಹಾಕಿಯಾಗಿತ್ತು.

ಹೊತ್ತು ವಾಲಿದ ಮೇಲೆ ಆಕೆ ನಿಂತಳು
ಬಿರುಕು ಬಿಟ್ಟ ಗೋಡೆಯ ಮುಂದೆ.
ಒಂದು ಮರ. ಬೇರು ಅತ್ತ ಹೆಸರಿಲ್ಲದವರ ಎದೆಯಲ್ಲಿ,
ಇತ್ತ ಹತ್ತೊಂಬತ್ತರ ಹುಡುಗನ ಕಲ್ಲನ್ನು
ಅರ್ಧಕ್ಕೆ ಎತ್ತಿ ಹಿಡಿದಿದೆ.
"ಇದರ ಹೆಸರೇನು?"
"ಬಳ್ಳಾರಿ ಜಾಲಿ."

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು.
ಆಗಲಿಲ್ಲ. ಹೇಳಿದೆ: ಅಮ್ಮಾ, ಇದು ಬಳ್ಳಾರಿಯದಲ್ಲ.
ಕಡಲಾಚೆಯ ಬೀಜ.
ಈ ಬರಡು ನೆಲವನ್ನು ಉದ್ಧಾರ ಮಾಡಬೇಕೆಂದು
ನಿಮ್ಮ ಅರಣ್ಯದ ಸಾಹೇಬರು ತರಿಸಿದ್ದು.
ಬಂತು, ಬಾವಿಯ ಸೆಲೆ ಕುಡಿಯಿತು,
ಕೆರೆಯಂಗಳಕ್ಕೆ ಇಳಿಯಿತು,
ನಮ್ಮ ಹೊಂಗೆ, ಬನ್ನಿಯ ಜಾಗದಲ್ಲಿ ಕೂತು
ಕೊನೆಗೆ ನಮ್ಮೂರ ಹೆಸರನ್ನೇ ಇಟ್ಟುಕೊಂಡಿತು.
ಮುಳ್ಳು ಚುಚ್ಚಿದವರೆಲ್ಲ ಈಗ
ಬಳ್ಳಾರಿಯನ್ನು ಬಯ್ಯುತ್ತಾರೆ.

ಆಕೆ ಗಮನವಿಟ್ಟು ಕೇಳಿದಳು.
ಆಮೇಲೆ ಹಾಳೆಯ ಹನ್ನೊಂದನೇ ಕಲಮಿನಲ್ಲಿ ಬರೆದಳು:
ಸ್ಥಳೀಯ ಕಳೆ. ಸ್ಥಳೀಯರು ಹತೋಟಿಯಲ್ಲಿಡತಕ್ಕದ್ದು.

ಕೆಳಗೆ ಒಂದು ಗೆರೆ,
ಅನುವಾದ ಸರಿಯಾಗಿದೆ ಎಂಬುದಕ್ಕೆ ನನ್ನ ಸಹಿ.
ಮಾಡಿದೆ. ಲಕೋಟೆ ತೆಗೆದುಕೊಂಡೆ. ಎಣಿಸಲಿಲ್ಲ.

ಗಾದಿಲಿಂಗಮ್ಮ ಕಡಿದ ಜಾಲಿಯ ಹೊರೆ ಕಟ್ಟಿ
"ಎತ್ರಿ ಸ್ವಲ್ಪ" ಅಂದಳು.
ಎತ್ತಿ ಅವಳ ತಲೆಗಿಟ್ಟೆ. ಅಂಗೈಯಲ್ಲಿ ಎರಡು ಮುಳ್ಳು.
"ಉರಿಯಾಕ ಮಾತ್ರ ಚಲೋ ಐತಿ ಬಿಡ್ರಿ" ಅನ್ನುತ್ತ
ಗೋಡೆಯ ಕಿಂಡಿಯಲ್ಲಿ ತೂರಿ
ಹೆಸರಿಲ್ಲದವರನ್ನು ತುಳಿಯದ ಹಾಗೆ
ಓರೆಯಾಗಿ ಹೆಜ್ಜೆ ಹಾಕುತ್ತ ಹೋದಳು.