ಕಟ್ಟು ಬಿಚ್ಚುವುದು

ಶನಿವಾರ. ಮುಂಜಾನೆ ಸಾಲಿ.
ಬೆಟಗೇರಿಯ ಓಣಿಯಿಂದ ಮಗ್ಗದ ಸದ್ದು
ಕಿಟಕಿ ದಾಟಿ ಬಂದು ಹಾಜರಿ ಹೇಳುತ್ತದೆ.
ನನ್ನ ಮುಂದೆ ಮೂವತ್ತೊಂದು ಹೆಸರು,
ಒಂದೊಂದು ಹೆಸರಿಗೂ ನಾಲ್ಕು ಚೌಕ:
ಓದುತ್ತದೆ. ಕೂಡಿಸುತ್ತದೆ. ಕಳೆಯುತ್ತದೆ. ಭಾಗಿಸುತ್ತದೆ.
‘ಒಂದು ಕೂಸಿಗೆ ಐದು ನಿಮಿಷ ಸಾಕ್ರಿ ಮೇಡಂ,
ಸೋಮವಾರ ಆನ್‌ಲೈನ್ ಏರಿಸಬೇಕು’
ಎಂದು ಹೇಳಿ ಹೋಗಿದ್ದಾರೆ ಸಿಆರ್‌ಪಿ ಹೊಂಬಳ ಸರ್.

ದಾವಲ್ ನದಾಫ ಬಂದ.
‘ಮೂವತ್ತೊಂಬತ್ತರ ಮುಂದ ಏನು?’
‘ಮೂವತ್ತ್‌ಹತ್ತರೀ’ ಎಂದ, ಎದೆಯುಬ್ಬಿಸಿ.
ನಗು ಬಂತು, ತಡೆದೆ.
ನಲವತ್ತೆಂದರೆ ಮತ್ತೇನು, ಮೂವತ್ತರ ಮೇಲೆ ಹತ್ತಲ್ಲವೆ?
ಚೌಕಕ್ಕೆ ಮಾತ್ರ ಕಾಟು ಹೊಡೆದೆ.

ಪ್ರಗತಿ ಚಲವಾದಿ
ತೊಂಬತ್ತೊಂದನ್ನು ಹತ್ತೊಂಬತ್ತು ಓದಿದಳು,
ತಲೆ ಓರೆ ಮಾಡಿ ತಾನೇ
‘ಅಲ್ಲ, ಇದು ಆ ಕಡಿ ಮಾರಿ ಮಾಡೇದ’ ಎಂದು ತಿದ್ದಿಕೊಂಡಳು.
ತಿದ್ದಿಕೊಂಡಿದ್ದಕ್ಕೆ ಯಾವ ಚೌಕ?
ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟೆ.

ಹನ್ನೊಂದನೆಯವಳು ಅಂಬಿಕಾ ಗಂಜಿ.
ಎರಡು ಜಡೆ, ಒಂದಕ್ಕೆ ರಿಬ್ಬನ್ ಇಲ್ಲ.
ಐವತ್ತೆರಡರಲ್ಲಿ ಹದಿನೇಳು ಕಳೆಯಬೇಕು.
ಪಾಟಿಯ ಮೇಲೆ ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು,
ಹಾಸಿನ ಎಳೆಯಷ್ಟು ನೆಟ್ಟಗೆ ಒಂದು ಗೆರೆ.
ಉತ್ತರ ನಲವತ್ತೈದು.

ಕಾಟು ಹೊಡೆಯಲು ಪೆನ್ನು ಎತ್ತಿದವಳು
ಯಾಕೋ ಕೇಳಿದೆ: ‘ಹ್ಯಾಂಗ ಮಾಡಿದಿ?’
‘ಏಳರಾಗ ಎರಡು ಹೋದ್ರ ಐದ್ರಿ.’
‘ಏಳು ತಳಗ ಐತೆಲ್ಲ?’
‘ಸಣ್ಣದರಾಗ ದೊಡ್ಡದು ಹೋಗಂಗಿಲ್ರಿ.
ನೀವ ಹೇಳಿದ್ರೆಲ್ಲ, ಒಂದನೇತ್ತದಾಗ.’

ಹೌದು. ಹೇಳಿದ್ದೆ.
ಇದೇ ಹಲಗೆ, ಇದೇ ಡಸ್ಟರು.
ಆವತ್ತಿನ ಮಟ್ಟಿಗೆ ಮಕ್ಕಳನ್ನು ಸುಮ್ಮನಾಗಿಸಲು
ಬೆಲ್ಲು ಹೊಡೆಯುವ ಹೊತ್ತಿಗೆ ಆಡಿದ ಮಾತು.
ನಾನು ಮರೆತೆ. ಅದು ಅವಳಲ್ಲಿ
ಎರಡು ವರ್ಷದಿಂದ ಉಳಿದುಕೊಂಡಿತ್ತು,
ತಿಂಗಳು ತಪ್ಪದೆ ಬಾಡಿಗೆ ಕೊಡುವವನ ಹಾಗೆ.

ಕಪಾಟು ತೆರೆದು ಕಡ್ಡಿ ತೆಗೆದೆ.
ರಬ್ಬರು ಸುತ್ತಿದ ಹತ್ತರ ಕಟ್ಟು ಐದು, ಬಿಡಿ ಎರಡು.
‘ಇದರಾಗ ನನಗ ಹದಿನೇಳು ಕೊಡು.’
ಒಂದು ಕಟ್ಟು ಸರಿಸಿದಳು, ತಕ್ಷಣ.
ಬಿಡಿ ಎರಡೂ ಸರಿಸಿದಳು.
ಆಮೇಲೆ ಕೈ ನಿಂತಿತು.
ಓಣಿಯ ಮಗ್ಗವೂ ಆಗಲೇ ನಿಂತಿತು,
ಕರೆಂಟು ಹೋಗಿರಬೇಕು.

‘ಕಟ್ಟ ಬಿಚ್ಚಬಹುದೇನ್ರಿ?’
‘ಯಾಕ, ಬಿಚ್ಚಬಾರದೇನು?’
‘ಮನ್ಯಾಗ ನೂಲಿನ ಕಟ್ಟ ಬಿಚ್ಚಿದ್ರ ಅವ್ವ ಬಡೀತಾಳ್ರಿ.
ಸಾವಕಾರ್ರು ಎಣಿಸಿ ಕೊಟ್ಟಿರ್ತಾರಂತ.’

ಬಿಚ್ಚು, ಎಂದೆ.
ಉಗುರಿನಿಂದ ರಬ್ಬರು ಎಬ್ಬಿಸಿ,
ಒಂದು ಕಡ್ಡಿಯೂ ಚೆಲ್ಲದಂತೆ ಉಡಿಯಲ್ಲಿ ಹಿಡಿದು,
ಐದು ಎಣಿಸಿ ನನ್ನ ಕಡೆ ತಳ್ಳಿದಳು.
ಉಳಿದದ್ದು ನೋಡಿದಳು: ಮೂರು ಕಟ್ಟು, ಐದು ಬಿಡಿ.
ಪಾಟಿ ನೋಡಿದಳು.
ನನ್ನನ್ನು ನೋಡಿದಳು,
ಸುಳ್ಳು ಹೇಳಿದವರನ್ನು ನೋಡುವ ಹಾಗೆ, ಕ್ಷಣ ಮಾತ್ರ.
ಆಮೇಲೆ ಹೆಬ್ಬೆರಳಿಗೆ ಉಗುಳು ಹಚ್ಚಿ
ನಾಲ್ಕನ್ನು ಒರೆಸಿ ಮೂರು ಬರೆದಳು.
‘ಐದು ಮೊದಲ ಸರಿ ಇತ್ರಿ’ ಎಂದಳು.

ಐದು ನಿಮಿಷವಲ್ಲ, ಇಪ್ಪತ್ತೆರಡು ಆಗಿತ್ತು.
ಇನ್ನೂ ಇಪ್ಪತ್ತು ಹೆಸರು.
‘ಕಳೆಯುತ್ತದೆ’ ಎಂಬ ಚೌಕದಲ್ಲಿ
ಸರಿ ಹಾಕಲೆ, ಕಾಟು ಹಾಕಲೆ,
ಕಾಟು ಹಾಕಿದರೆ ಅದು ಯಾರ ಹೆಸರಿನ ಮುಂದೆ?

ಅಂಬಿಕಾ ಏಳುವ ಮೊದಲು ಕೇಳಿದಳು,
‘ಈ ರಬ್ಬರ ನಾ ಇಟ್ಕೊಳ್ಳೇನ್ರಿ?’
ಕಿಟ್ಟಿನ ಪಟ್ಟಿಯಲ್ಲಿ ಹತ್ತು ಕಟ್ಟು ಎಂದಿದೆ.
ಇಟ್ಟುಕೋ, ಎಂದೆ.
ರಿಬ್ಬನ್ ಇಲ್ಲದ ಜಡೆಗೆ ಸುತ್ತಿಕೊಳ್ಳುತ್ತಾ ಹೋದಳು.
ಹನ್ನೆರಡನೆಯ ಹೆಸರು ಕರೆದೆ.